ಹಗ್ಗ, ಗಳೆ ಮತ್ತು ನಡುವಯಸ್ಸು

ಮೈಯ ಕಸರತ್ತಿನಿಂದ ಹುಟ್ಟಿದ ಮಾತುಗಳಿಗೆ ಕನ್ನಡದಲ್ಲಿ ಬರವಿಲ್ಲ. ಎಂದಿಗೂ ಆಗದ ಕೆಲಸವನ್ನು ಕುರಿತು 'ತಿಪ್ಪರಲಾಗ ಹಾಕಿದರೂ ಆಗದು' ಎನ್ನುತ್ತೇವೆ. ಸಾಲದ ಸಂಬಳದಲ್ಲಿ ತಿಂಗಳ ಕೊನೆಯನ್ನು ಹೇಗೋ ದಾಟಿಸಿದ ಗೃಹಸ್ಥ 'ಸರ್ಕಸ್ ಮಾಡಿದೆ' ಎನ್ನುತ್ತಾನೆ. ಅತ್ತೆಗೂ ನಾದಿನಿಗೂ ನೋವಾಗದಂತೆ ಸಂಸಾರ ತೂಗಿಸುವ ಸೊಸೆಯದು 'ಹಗ್ಗದ ಮೇಲಿನ ನಡಿಗೆ'. ಪಕ್ಷದಿಂದ ಪಕ್ಷಕ್ಕೆ ಹಾರುವ ರಾಜಕಾರಣಿಗಳ ವರ್ತನೆಗೆ ಮಾತ್ರ ಪತ್ರಿಕೆಗಳು 'ದೊಂಬರಾಟ' ಎಂಬ ತಲೆಬರಹ ಕೊಡುತ್ತ ಬಂದಿವೆ. ಮೊದಲ ಮೂರು ಮಾತುಗಳಲ್ಲಿ ಕಷ್ಟದ ಅರಿವಿದೆ. ಕೊನೆಯದರಲ್ಲಿ ಬರಿಯ ತಿರಸ್ಕಾರ. ದೊಂಬರು ಎಂಬುದು ಒಂದು ಜನಸಮುದಾಯದ ಹೆಸರು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಹೆಸರು. ಬಿದಿರಿನ ಗಳೆಯ ತುದಿಯಲ್ಲಿ ಮೈಯನ್ನು ತೂಗಿ ನಿಲ್ಲಿಸುವ ವಿದ್ಯೆಯನ್ನು ನಿಲುವಿಲ್ಲದ ರಾಜಕಾರಣಕ್ಕೆ ಹೋಲಿಸುವುದು ಎಷ್ಟು ಅಸಂಬದ್ಧ! ನಿಲುವಿಲ್ಲದವನು ಹಗ್ಗದ ಮೇಲೆ ಎರಡು ಕ್ಷಣವೂ ನಿಲ್ಲಲಾರ.

ಈ ತಿರಸ್ಕಾರ ಎಲ್ಲಿಂದ ಬಂತು? ಬರಿದೇ ನೋಡುವುದರಿಂದ ಬಂತೆಂದು ನನ್ನ ಎಣಿಕೆ. ಯಾವ ವಿದ್ಯೆಯನ್ನು ನಾವು ಸುತ್ತ ನಿಂತು ನೋಡಿ, ಕಾಸು ಎಸೆದು, ಮನೆಗೆ ಮರಳುತ್ತೇವೆಯೋ ಆ ವಿದ್ಯೆಯ ಆಳ ನಮಗೆ ತಿಳಿಯುವುದಿಲ್ಲ. ಹಾಗಾದರೆ ಹೊಟ್ಟೆಪಾಡಿನ ಒತ್ತಾಯವೇ ಇಲ್ಲದ, ವಯಸ್ಸು ಸಂದ ಒಬ್ಬ ವ್ಯಕ್ತಿ ಈ ವಿದ್ಯೆಯನ್ನು ಮೊದಲ ಪಾಠದಿಂದ ಕಲಿಯಲು ಹೊರಟರೆ ಅದು ಶೋಕಿಯೇ? ಬೇರೆಯವರ ಹಸಿವಿನ ಕಸುಬನ್ನು ತನ್ನ ಬಿಡುವಿನ ವೇಳೆಯ ಆಟವಾಗಿಸಿಕೊಂಡ ಅವಿವೇಕವೇ? ಅಥವಾ ಅದರಲ್ಲಿ ನ್ಯಾಯದ ಒಂದು ಅಂಶವೂ ಇರಬಹುದೇ? ಪ್ರಿಯ ಓದುಗರೇ, ಪ್ರಶ್ನೆ ಕ್ಷುಲ್ಲಕವೆಂದು ಮೇಲುನೋಟಕ್ಕೆ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತ್ತು.

ಬೆಂಗಳೂರಿನಂತಹ ನಗರಗಳಲ್ಲಿ ಈಗ ವಯಸ್ಕರಿಗೆಂದೇ ಇಂತಹ ತರಗತಿಗಳು ನಡೆಯುತ್ತವೆ. ಕಚೇರಿಯ ಕೆಲಸ ಮುಗಿಸಿ ಬಂದವರು ಶುಲ್ಕ ತೆತ್ತು, ಮೆತ್ತನೆಯ ಹಾಸಿನ ಮೇಲೆ, ಮೇಲಿನಿಂದ ಇಳಿಬಿಟ್ಟ ಬಟ್ಟೆಯನ್ನು ಹಿಡಿದು ಏರುವುದನ್ನೋ ಮೂರು ಚೆಂಡುಗಳನ್ನು ಗಾಳಿಯಲ್ಲಿ ಆಡಿಸುವುದನ್ನೋ ಕಲಿಯುತ್ತಾರೆ. ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಬೀದಿಗಳಲ್ಲಿ ಅಂತಹ ಫಲಕವನ್ನು ನಾನು ಕಂಡಿಲ್ಲ. ಇಲ್ಲಿ ಈ ವಿದ್ಯೆ ಜನರ ಬಳಿಗೆ ತಾನೇ ನಡೆದು ಬರುತ್ತಿತ್ತು. ಊರ ಅಗಸಿಯ ಮುಂದೆ ಡೋಲಿನ ಸದ್ದು ಕೇಳಿದರೆ ಮಕ್ಕಳೆಲ್ಲ ಓಡುತ್ತಿದ್ದರು. ಕತ್ತರಿಯಾಗಿ ನಿಲ್ಲಿಸಿದ ಗಳೆಗಳ ನಡುವೆ ಬಿಗಿದ ಹಗ್ಗ, ಅದರ ಮೇಲೆ ಉದ್ದನೆಯ ಕೋಲು ಹಿಡಿದ ಏಳೆಂಟು ವರ್ಷದ ಹುಡುಗಿ, ಕೆಳಗೆ ಹಾಸಿದ ಬಟ್ಟೆ. ನಮ್ಮ ಪ್ರಾಯದವರಿಗೆ ಈ ಚಿತ್ರವನ್ನು ವಿವರಿಸಬೇಕಾದುದಿಲ್ಲ.

ಕಳೆದ ಬೇಸಿಗೆಯಲ್ಲಿ ಸಿಂಧನೂರಿನ ಒಂದು ಶಾಲೆಯ ಅಂಗಳದಲ್ಲಿ ಮಕ್ಕಳ ಶಿಬಿರ ನಡೆಯಿತು. ದೈಹಿಕ ಶಿಕ್ಷಕರೊಬ್ಬರು ಮಕ್ಕಳಿಗೆ ಮೂರು ಚೆಂಡುಗಳ ಆಟವನ್ನು, ಅಂದರೆ ಜಗ್ಲಿಂಗನ್ನು, ಕಲಿಸುತ್ತಿದ್ದರು. ಜೊತೆಗೆ ಎರಡು ಬೇವಿನ ಮರಗಳ ನಡುವೆ ಮೊಣಕಾಲೆತ್ತರದಲ್ಲಿ ಕಟ್ಟಿದ ಹಗ್ಗದ ಮೇಲಿನ ನಡಿಗೆಯನ್ನೂ ತೋರಿಸಿಕೊಡುತ್ತಿದ್ದರು. ಮಕ್ಕಳನ್ನು ಕರೆದೊಯ್ಯಲು ಬಂದ ತಂದೆತಾಯಿಗಳು ಕಟ್ಟೆಯ ಮೇಲೆ ಕುಳಿತು ಮೊಬೈಲು ನೋಡುತ್ತಿದ್ದುದನ್ನು ಕಂಡು ಬೇಸತ್ತ ಆ ಶಿಕ್ಷಕರು, "ಕೊನೆಯ ಅರ್ಧ ತಾಸು ದೊಡ್ಡವರಿಗೆ" ಎಂದು ಸಾರಿಬಿಟ್ಟರು. ಮೊದಲ ಸಂಜೆ ಎಂಟು ಜನ ಮುಂದೆ ಬಂದರು: ಅಕ್ಕಿ ಗಿರಣಿಯ ಗುಮಾಸ್ತರೊಬ್ಬರು, ಒಬ್ಬ ಮುಖ್ಯೋಪಾಧ್ಯಾಯಿನಿ, ಟ್ರ್ಯಾಕ್ಟರ್ ಓಡಿಸುವ ಯುವಕ, ಮೊಮ್ಮಗಳ ಜೊತೆ ಬಂದಿದ್ದ ಅಜ್ಜಿ, ಇನ್ನು ಕೆಲವರು. ಅವರಲ್ಲಿ ನಾನೂ ಒಬ್ಬ.

ಚೆಂಡುಗಳೆಂದರೆ ಹಳೆಯ ಕಾಲುಚೀಲದಲ್ಲಿ ಜೋಳ ತುಂಬಿ ಹೊಲಿದ ಉಂಡೆಗಳು. ಭತ್ತದ ಸೀಮೆಯಲ್ಲಿ ಜೋಳದ ಚೆಂಡು! ಅವು ಬಿದ್ದಲ್ಲಿಯೇ ಬೀಳುತ್ತವೆ, ಪುಟಿದು ಓಡಿಹೋಗುವುದಿಲ್ಲ. ಕಲಿಯುವವನಿಗೆ ಅದೇ ದೊಡ್ಡ ಉಪಕಾರ. ಮೊದಲು ಒಂದೇ ಚೆಂಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಕಣ್ಣಿನೆತ್ತರಕ್ಕೆ ಕಮಾನಿನಂತೆ ಎಸೆಯಬೇಕು. ಅನಂತರ ಎರಡು. ಮೊದಲನೆಯದು ತನ್ನ ಏರಿಕೆಯ ತುದಿ ಮುಟ್ಟಿದಾಗ ಎರಡನೆಯದು ಕೈ ಬಿಡಬೇಕು, ಅದಕ್ಕೆ ಮುಂಚೆಯೂ ಅಲ್ಲ, ತಡವಾಗಿಯೂ ಅಲ್ಲ. ಹೇಳುವಾಗ ಇಷ್ಟೇ. ಮಾಡುವಾಗ ಕೈ ಗಾಬರಿಗೊಳ್ಳುತ್ತದೆ. ಎರಡನೆಯ ಚೆಂಡನ್ನು ಮೇಲೆಸೆಯುವ ಬದಲು ಅಡ್ಡಲಾಗಿ ಇನ್ನೊಂದು ಕೈಗೆ ತುರುಕಿಬಿಡುತ್ತದೆ. ಚೆಂಡುಗಳು ಮುಂದೆ ಮುಂದೆ ಹೋಗುತ್ತವೆ, ನಾವೂ ಅವುಗಳ ಹಿಂದೆ ಹೋಗುತ್ತೇವೆ. ಆದ್ದರಿಂದ ಶಿಕ್ಷಕರು ನಮ್ಮನ್ನೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಶಿಕ್ಷೆಗೊಳಗಾದ ವಿದ್ಯಾರ್ಥಿಗಳಂತೆ ಗೋಡೆಯತ್ತ ನಿಂತ ತಂದೆತಾಯಿಗಳನ್ನು ನೋಡಿ ಮಕ್ಕಳಿಗಾದ ಆನಂದವನ್ನು ಬಣ್ಣಿಸಲು ನನ್ನಲ್ಲಿ ಪದಗಳಿಲ್ಲ.

ಎರಡನೆಯ ಸಂಜೆ ಎಂಟರಲ್ಲಿ ಮೂವರು ಬರಲಿಲ್ಲ. ಮೂವರೂ ಗಂಡಸರು. ಪೇಟೆಯಲ್ಲಿ ಸಿಕ್ಕ ಗುಮಾಸ್ತರನ್ನು ವಿಚಾರಿಸಿದೆ. "ಬೀಳೂದಕ್ಕ ಅಂಜಿಕಿಲ್ಲ ಫಾದರ್, ಮಂದಿ ನೋಡ್ತಾರಲ್ರಿ" ಎಂದರು. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಮೂವತ್ತು ವರ್ಷ ದುಡಿದು, ಲೆಕ್ಕದಲ್ಲಿ ತಪ್ಪದವನೆಂಬ ಹೆಸರು ಗಳಿಸಿದ ಮನುಷ್ಯ ಎಲ್ಲರೆದುರು ಏನೂ ಬಾರದವನಾಗಿ ನಿಲ್ಲುವುದು ಸಣ್ಣ ಸಂಗತಿಯಲ್ಲ. ನಡುವಯಸ್ಸಿನ ಹೊತ್ತಿಗೆ ನಾವು ಬಲ್ಲ ಕೆಲಸಗಳ ಸುತ್ತ ಒಂದು ಬೇಲಿ ಕಟ್ಟಿಕೊಂಡಿರುತ್ತೇವೆ. ಅದರೊಳಗೆ ನಮ್ಮ ಗೌರವ ಸುರಕ್ಷಿತ. ಮಕ್ಕಳಿಗೆ ಆ ಬೇಲಿಯಿಲ್ಲ. ದಿನಕ್ಕೆ ಹತ್ತು ಸಲ ಅವರು ಬಾರದುದನ್ನು ಮಾಡಲೆತ್ನಿಸುತ್ತಾರೆ, ಹತ್ತು ಸಲವೂ ನಾವು ಅವರನ್ನು ಗದರುತ್ತೇವೆ. ಉಳಿದ ಐವರಲ್ಲಿ ಎಲ್ಲರಿಗಿಂತ ಮೊದಲು ಮೂರು ಚೆಂಡು ಹಿಡಿದವರು ಅಜ್ಜಿ. ಹುಡುಗಿಯಾಗಿದ್ದಾಗ ಗಜ್ಜುಗದ ಆಟದಲ್ಲಿ ಪಳಗಿದ ಕೈ ಅದು. ಐವತ್ತು ವರ್ಷಗಳ ಬಳಿಕವೂ ಅದು ಮರೆತಿರಲಿಲ್ಲ.

ವಯಸ್ಸಾದ ಮೇಲೆ ಮೈ ಕಲಿಯುವುದಿಲ್ಲ ಎಂಬ ನೆಪ ಈಗ ನಿಲ್ಲುವಂತಹದಲ್ಲ. 2004ರಲ್ಲಿ ಜರ್ಮನಿಯ ಸಂಶೋಧಕರು ಮೂರು ಚೆಂಡುಗಳ ಆಟವನ್ನು ಮೂರು ತಿಂಗಳು ಕಲಿತ ಯುವಜನರ ಮಿದುಳನ್ನು ಪರೀಕ್ಷಿಸಿ, ಚಲಿಸುವ ವಸ್ತುಗಳನ್ನು ಗ್ರಹಿಸುವ ಭಾಗದಲ್ಲಿ ಬೂದು ದ್ರವ್ಯ ಹೆಚ್ಚಿದ್ದನ್ನು ಕಂಡರು. ಅಭ್ಯಾಸ ಬಿಟ್ಟ ಮೇಲೆ ಅದು ಮತ್ತೆ ಕುಗ್ಗಿತು. 2008ರಲ್ಲಿ ಅದೇ ಬಳಗ ಸರಾಸರಿ 60 ವರ್ಷದವರಿಗೆ ಅದೇ ಆಟವನ್ನು ಕಲಿಸಿತು. ಯುವಕರಷ್ಟು ಚುರುಕಾಗಿ ಅಲ್ಲದಿದ್ದರೂ ಹಿರಿಯರೂ ಕಲಿತರು, ಅವರ ಮಿದುಳಿನಲ್ಲಿಯೂ ಬದಲಾವಣೆ ಕಂಡುಬಂತು. ಸಂತೋಷದ ಸುದ್ದಿಯೇ. ಆದರೆ ಮಿದುಳಿಗೆ ಒಳ್ಳೆಯದೆಂಬ ಕಾರಣಕ್ಕೇ ಎಲ್ಲವನ್ನೂ ಮಾಡಬೇಕೆನ್ನುವ ಇಂದಿನ ವಾಡಿಕೆ ನನಗೆ ಅಷ್ಟು ಹಿಡಿಸದು. ಅಜ್ಜಿ ಮಿದುಳಿಗಾಗಿ ಬಂದವರಲ್ಲ.

ನಾಲ್ಕನೆಯ ಸಂಜೆ ಹಗ್ಗದ ಸರದಿ. ಸಮೀಪದ ಗಿರಣಿಯಲ್ಲಿ ರಾತ್ರಿ ಕಾವಲಿಗಿರುವ ಒಬ್ಬ ಹಿರಿಯರು ಕೆಲಸಕ್ಕೆ ಹೋಗುತ್ತ ಬೇಲಿಯ ಬಳಿ ನಿಂತು ನಮ್ಮನ್ನು ನೋಡುತ್ತಿದ್ದರು. ನಾನು ಶಿಕ್ಷಕರ ಹೆಗಲು ಹಿಡಿದು ಹಗ್ಗದ ಮೇಲೆ ಒಂದು ಪಾದವಿಟ್ಟಿದ್ದೆ. ಹಗ್ಗ ನಡುಗುತ್ತಿತ್ತು, ನಿಜವಾಗಿ ನಡುಗುತ್ತಿದ್ದುದು ನನ್ನ ಕಾಲು. "ಪಾದ ನೋಡಬ್ಯಾಡ್ರಿ ಫಾದರ್, ಆ ತುದಿಗಿ ಗಿಡ ಐತಲ್ಲ, ಅದನ್ನ ನೋಡ್ರಿ" ಎಂದು ಬೇಲಿಯ ಆಚೆಯಿಂದ ಮಾತು ಬಂತು. ನೋಡಿದೆ. ನಡುಕ ನಿಲ್ಲಲಿಲ್ಲ, ಆದರೆ ಕಡಿಮೆಯಾಯಿತು. ಅವರು ಒಳಗೆ ಬಂದರು, ಚಪ್ಪಲಿ ಬಿಟ್ಟರು, ಹಗ್ಗವನ್ನು ಕಾಲಿನಿಂದ ಒಮ್ಮೆ ಒತ್ತಿ ನೋಡಿ ಬಿಗಿ ಸಾಲದೆಂದರು. ಉದ್ದನೆಯ ಕೋಲು ಏಕೆ ಬೇಕೆಂಬುದನ್ನು ವಿವರಿಸಿದರು: ಕೋಲಿನ ಭಾರ ಎರಡೂ ಕಡೆ ಚಾಚಿಕೊಂಡಿರುವುದರಿಂದ ಮೈ ಥಟ್ಟನೆ ವಾಲುವುದಿಲ್ಲ, ವಾಲುವುದು ತಡವಾದಷ್ಟೂ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ಭೌತಶಾಸ್ತ್ರದ ಪುಸ್ತಕ ಹೇಳುವುದೂ ಇದನ್ನೇ. ಹೆಸರು ಮಾತ್ರ ಬೇರೆ. ದೊಂಬರ ಮನೆತನದಲ್ಲಿ ಹುಟ್ಟಿ, ಐದನೆಯ ವಯಸ್ಸಿಗೆ ಹಗ್ಗ ಏರಿ, ಇಪ್ಪತ್ತೈದರ ಹೊತ್ತಿಗೆ ಆಟ ಬಿಟ್ಟವರಂತೆ.

ಹೊರಡುವಾಗ ಶಿಕ್ಷಕರು ಅವರಿಗೆ ಹಣ ಕೊಡಲು ಹೋದರು. ಅವರು ನೋಟನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೋಡಿದ್ದಕ್ಕ ರೊಕ್ಕ ಒಗದಾರ್ರಿ ಮಂದಿ. ಕಲಿಸಿದ್ದಕ್ಕ ಇದs ಮೊದಲು" ಎಂದರು.

ಆ ಮಾತಿನ ಬಳಿಕ ಪ್ರಶ್ನೆ ನನ್ನ ಪಾಲಿಗೆ ಕ್ಷುಲ್ಲಕವಾಗಿ ಉಳಿಯಲಿಲ್ಲ. ಒಗೆಯುವುದು ಬೇರೆ, ಕೊಡುವುದು ಬೇರೆ. ನೋಡುಗನ ಕಾಸು ಕರುಣೆಯಿಂದಲೂ ಬರಬಹುದು, ಮೋಜಿನಿಂದಲೂ ಬರಬಹುದು. ಅದು ಕೆಳಗೆ, ಬಟ್ಟೆಯ ಮೇಲೆ ಬೀಳುತ್ತದೆ. ಕಲಿಯುವವನ ಕಾಣಿಕೆ ಕೈಯಿಂದ ಕೈಗೆ ಹೋಗುತ್ತದೆ, ಏಕೆಂದರೆ ತನಗೆ ಬಾರದುದು ಇವನಿಗೆ ಬರುತ್ತದೆಂದು ಅವನ ಮೈಯೇ ಒಪ್ಪಿಕೊಂಡಿರುತ್ತದೆ. ನಮ್ಮ ಕಾನೂನುಗಳೂ ಬಹುಕಾಲ ನೋಡುಗನ ಕಣ್ಣಿನಿಂದಲೇ ಬರೆಯಲ್ಪಟ್ಟವು. 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆಯ ವ್ಯಾಖ್ಯೆಯಲ್ಲಿ ಹಾಡುವುದು, ಕುಣಿಯುವುದು, ಶಕುನ ಹೇಳುವುದು, ಆಟ ತೋರಿಸುವುದು ಇವೆಲ್ಲವೂ ಭಿಕ್ಷೆ ಬೇಡುವ ನೆವಗಳು. ವಿದ್ಯೆಯೇ ನೆವವಾಯಿತು! ದೆಹಲಿಗೆ ವಿಸ್ತರಿಸಲಾಗಿದ್ದ ಆ ಕಾಯ್ದೆಯ ಭಿಕ್ಷೆಯನ್ನು ಅಪರಾಧವೆನ್ನುವ ವಿಧಿಗಳನ್ನು ದೆಹಲಿ ಉಚ್ಚ ನ್ಯಾಯಾಲಯ 2018ರ ಆಗಸ್ಟಿನಲ್ಲಿ ರದ್ದುಗೊಳಿಸಿತು.

ಇನ್ನೊಂದು ಬಗೆಯ ಕಾನೂನನ್ನು ನಾನು ಪೂರ್ಣ ಮನಸ್ಸಿನಿಂದ ಸ್ವಾಗತಿಸುತ್ತೇನೆ. 2011ರ ಏಪ್ರಿಲ್ 18ರಂದು ಸರ್ವೋಚ್ಚ ನ್ಯಾಯಾಲಯವು ಸರ್ಕಸ್ಸುಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಬೇಕೆಂದೂ ಅಲ್ಲಿರುವ ಮಕ್ಕಳನ್ನು ಬಿಡಿಸಬೇಕೆಂದೂ ಆದೇಶಿಸಿತು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯು ಚಲನಚಿತ್ರ, ದೂರದರ್ಶನ, ಕ್ರೀಡೆಗಳಲ್ಲಿ ಮಗು ಭಾಗವಹಿಸಲು ಕೆಲವು ಷರತ್ತುಗಳೊಡನೆ ಅವಕಾಶ ಕೊಟ್ಟು, ಸರ್ಕಸ್ಸನ್ನು ಮಾತ್ರ ಹೆಸರಿಸಿ ಹೊರಗಿಟ್ಟಿತು. ಕ್ಯಾಮೆರಾದ ಮುಂದೆ ರಾತ್ರಿಯವರೆಗೆ ಕುಣಿಯುವ ಮಗುವಿನ ದಣಿವನ್ನು ಕಾನೂನು ಅಷ್ಟು ಗಂಭೀರವಾಗಿ ಕಾಣದಿರುವುದೇಕೆಂದು ಕೇಳಬಹುದು. ಅದು ಬೇರೆ ಚರ್ಚೆ. ಹಸಿದ ಮನೆಯ ಮಗು ಹಗ್ಗ ಏರಬಾರದು; ಇದರಲ್ಲಿ ಎರಡು ಮಾತಿಲ್ಲ. ಹಾಗಾದರೆ ಆ ವಿದ್ಯೆ? ಮಗುವಿನ ಹೆಗಲಿನಿಂದ ಇಳಿಸಿದ ಭಾರವನ್ನು ನೆಲಕ್ಕೆ ಚೆಲ್ಲಬೇಕೆಂದಿಲ್ಲವಷ್ಟೆ. ಬಲಿತ ಮೈಯವರು, ಒಲ್ಲೆನೆನ್ನುವ ಸ್ವಾತಂತ್ರ್ಯವಿರುವವರು, ಮನಸ್ಸಿದ್ದು ಅದನ್ನು ಹೊರಬಹುದು. ವಯಸ್ಕರ ಆರಂಭಿಕ ತರಗತಿಯೆಂಬ ನಗೆಗೀಡಾಗುವ ವಸ್ತುವಿನಲ್ಲಿ ನನಗೆ ಕಂಡ ನ್ಯಾಯದ ಅಂಶ ಇದೇ.

ವಿದ್ಯೆಯೊಂದು ಹೀಗೆ ಕೈ ಬದಲಿಸಿ ಗೌರವ ಗಳಿಸಿದ ನಿದರ್ಶನ ದೂರವೇನಿಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಜಟ್ಟಿಗಳು ಕಂಬದ ಮೇಲೆ ಮಾಡುವ ಸಾಧನೆಯ ಪ್ರಸ್ತಾಪವಿದೆ. ಆ ಮಲ್ಲಕಂಬ ಇಂದು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ, ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಮಕ್ಕಳು ಪದಕಕ್ಕಾಗಿ ಅಭ್ಯಾಸ ಮಾಡುವ ಕ್ರೀಡೆ; 2022ರಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿಯೂ ಅದಕ್ಕೆ ಸ್ಥಾನ ದೊರೆಯಿತು. ಅತ್ತ ಕೇರಳದ ತಲಶ್ಶೇರಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಸರ್ಕಸ್ ಶಾಲೆಯನ್ನೇ ತೆರೆದು, ಭಾರತದ ಸರ್ಕಸ್ಸಿಗೆ ತಲೆಮಾರುಗಳಷ್ಟು ಕಲಾವಿದರನ್ನು ಒದಗಿಸಿದರು. ಜಟ್ಟಿಯ ಕಂಬಕ್ಕೆ ಪದಕ, ದೊಂಬರ ಗಳೆಗೆ ಬೈಗುಳ. ಎರಡರ ಮೇಲೂ ಏರುವ ಮೈ ಒಂದೇ ಬಗೆಯದು. ವ್ಯತ್ಯಾಸವಿರುವುದು ಏರಿದವರು ಯಾರ ಮಕ್ಕಳು ಎಂಬುದರಲ್ಲಿ.

ನನ್ನ ಗುರುಮಠದ ದಿನಗಳಲ್ಲಿ ಓದಿದ ಒಂದು ಭಾಗ ಈ ಸಂದರ್ಭದಲ್ಲಿ ನೆನಪಾಗುತ್ತದೆ. ಆದಿಯಲ್ಲಿ ಧರ್ಮಸಭೆ ಆಟಗಾರರನ್ನು ಸಂಶಯದಿಂದ ಕಂಡದ್ದು ನಿಜ. 4ನೆಯ ಶತಮಾನದ ಆರಂಭದಲ್ಲಿ ಸ್ಪೇನಿನ ಎಲ್ವಿರಾದಲ್ಲಿ ಸೇರಿದ ಧರ್ಮಾಧ್ಯಕ್ಷರು, ರಥಸ್ಪರ್ಧಿಗಳೂ ಮೂಕಾಭಿನಯದವರೂ ವಿಶ್ವಾಸಿಗಳಾಗಬೇಕಾದರೆ ಮೊದಲು ಕಸುಬನ್ನು ಬಿಡಬೇಕೆಂದು ವಿಧಿಸಿದ್ದರು. ಆದರೆ 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ತಮ್ಮ ಸುಮ್ಮಾ ಗ್ರಂಥದ ಎರಡನೆಯ ಭಾಗದ ಉತ್ತರಾರ್ಧದಲ್ಲಿ, 168ನೆಯ ಪ್ರಶ್ನೆಯಲ್ಲಿ, ಆಟವು ಮನುಷ್ಯಜೀವನಕ್ಕೆ ಅವಶ್ಯವೆಂದೂ ಜನರ ಮನಸ್ಸನ್ನು ಮುದಗೊಳಿಸುವ ಕಸುಬು ತನ್ನಷ್ಟಕ್ಕೆ ಪಾಪವಲ್ಲವೆಂದೂ ವಾದಿಸುತ್ತಾರೆ. ಅಂತಹವರನ್ನು ಮಿತಿಯರಿತು ಪೋಷಿಸುವವರು ಅವರ ಸೇವೆಗೆ ಸಲ್ಲಬೇಕಾದ ಪ್ರತಿಫಲ ಕೊಡುವುದರಿಂದ ನ್ಯಾಯವನ್ನೇ ಮಾಡುತ್ತಾರೆ ಎಂಬುದು ಅವರ ನಿರ್ಣಯ. ಗಮನಿಸಿ: ಅದು ದಾನದ ಮಾತಲ್ಲ, ನ್ಯಾಯದ ಮಾತು. ಕಾವಲಿನ ಹಿರಿಯರು ನೋಟು ಹಿಡಿದು ಮೌನವಾಗಿ ನಿಂತಾಗ ಗುರುತಿಸಿದ್ದು ಇದೇ ಭೇದವನ್ನು. ಅವರು ಲತೀನು ಓದಿದವರಲ್ಲ.

ಸಂತ ಜಾನ್ ಬೋಸ್ಕೊ ಬಾಲ್ಯದಲ್ಲಿ ಸಂತೆಗಳಿಗೆ ಹೋಗಿ ಆಟಗಾರರನ್ನು ಕಣ್ಣಿಟ್ಟು ನೋಡಿ, ಎಷ್ಟೋ ಬಾರಿ ಬಿದ್ದೆದ್ದು ಹಗ್ಗದ ನಡಿಗೆ ಕಲಿತದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ನನಗೆ ಅದಕ್ಕಿಂತ ಪ್ರಿಯವಾದದ್ದು ಅವರ ಆತ್ಮಕಥನದಲ್ಲಿ ಬರುವ, ಕಿಯೇರಿ ಪಟ್ಟಣದ ವಿದ್ಯಾರ್ಥಿದೆಸೆಯ ಪ್ರಸಂಗ. ಒಬ್ಬ ವೃತ್ತಿನಿರತ ಕಸರತ್ತುಗಾರನೊಂದಿಗೆ ಪಣ ಕಟ್ಟಿ ಓಟ, ಜಿಗಿತ, ಕೋಲಿನ ಕೈಚಳಕ, ಮರವೇರುವುದು ನಾಲ್ಕರಲ್ಲಿಯೂ ಬೋಸ್ಕೊ ಗೆದ್ದರು. ಸೋತವನು ಕಳೆದುಕೊಂಡದ್ದು 240 ಲಿರಾ. ಆ ಹಣವೇ ಅವನ ಬದುಕೆಂದು ಕಂಡ ಬೋಸ್ಕೊ ಮತ್ತು ಗೆಳೆಯರು, ತಮಗೊಂದು ಊಟ ಹಾಕಿಸಿದರೆ ಸಾಕೆಂದು ಹಣ ಮರಳಿಸಿದರು. ಸಂತೋಷಕ್ಕಾಗಿ ಆಡುವವನು ಅನ್ನಕ್ಕಾಗಿ ಆಡುವವನ ಗಂಟಿಗೆ ಕೈ ಹಾಕಬಾರದೆಂಬ ವಿವೇಕ ಆ ಹುಡುಗರಿಗಿತ್ತು. ನಗರಗಳಲ್ಲಿ ಶುಲ್ಕ ಪಡೆದು ನಡೆಯುವ ತರಗತಿಗಳಲ್ಲಿ ಗಳೆ ಹಿಡಿದು ಬೆಳೆದ ಮನೆತನದವರು ಎಷ್ಟು ಮಂದಿ ಗುರುಗಳಾಗಿದ್ದಾರೆಂದು ಕೇಳುವ ಹಕ್ಕು ನಮಗಿದೆ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಲ್ಲಿನ ಬಂಡೆಯ ಮೇಲಿನ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂತು; ಆ ಚಕ್ರವರ್ತಿಯ ಹೆಸರನ್ನೇ ಹೇಳುವ ಅದರ ಸಾಲನ್ನು ನಮ್ಮ ಮಕ್ಕಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಅದರ ಮುಂದಿನ ಮಾತುಗಳನ್ನು ಓದಿದವರು ಕಡಿಮೆ. ತಾನು ಬೌದ್ಧನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತೆಂದೂ ಸಂಘದ ಸಮೀಪಕ್ಕೆ ಹೋಗಿ ನಿಜವಾದ ಶ್ರದ್ಧೆ ತೋರಿದ್ದು ಒಂದು ವರ್ಷದಿಂದೀಚೆಗೆಂದೂ ಅಶೋಕ ಅಲ್ಲಿ ತಿಳಿಸುತ್ತಾನೆ. ರಾಜ್ಯಗಳನ್ನು ಗೆದ್ದ ಪ್ರಾಯಸ್ಥ ಅರಸ ತಾನು ಹೊಸ ವಿದ್ಯಾರ್ಥಿಯೆಂಬುದನ್ನು, ಮೊದಲಲ್ಲಿ ಹಿಂದೆ ಬಿದ್ದಿದ್ದೆನೆಂಬುದನ್ನು, ಕಲ್ಲಿನಲ್ಲಿ ಕೊರೆಸಿದ್ದಾನೆ. ಇದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಪ್ರಯತ್ನಿಸಿದರೆ ಸಣ್ಣವರಿಗೂ ಸಾಧ್ಯವೆಂಬುದು ಅದರ ಮುಂದಿನ ಭಾವ. ಮಂದಿ ನೋಡುತ್ತಾರೆಂದು ಆತ ಅಂಜಿದ್ದರೆ ಆ ಬಂಡೆ ಬರಿದಾಗಿಯೇ ಇರುತ್ತಿತ್ತು. ಈ ಮಾತನ್ನು ಗುಮಾಸ್ತರಿಗೆ ಹೇಳಿದೆ. "ಅಂವ ರಾಜ ಇದ್ದ ಬಿಡ್ರಿ" ಎಂದರು. ಅದೂ ಸರಿಯೇ.

ಶಿಬಿರ ಮುಗಿದ ಮೇಲೆ, ವಾರಕ್ಕೆರಡು ಸಂಜೆ ದೊಡ್ಡವರಿಗೆ ಹಗ್ಗದ ಪಾಠ ಹೇಳಲು ಸಾಧ್ಯವೇ, ಕಲಿಯುವವರೆಲ್ಲ ಸೇರಿ ತಿಂಗಳಿಗೊಂದು ಮೊತ್ತ ಕೊಡುತ್ತಾರೆ ಎಂದು ಕೇಳಲು ಶಿಕ್ಷಕರೂ ನಾನೂ ಆ ಹಿರಿಯರ ಮನೆಗೆ ಹೋದೆವು. ಅವರ ಕಣ್ಣು ಅರಳಿದ್ದನ್ನು ಕಂಡೆವು. ಉತ್ತರ ಬಂದದ್ದು ಒಳಗಿನಿಂದ, ಸೊಸೆಯಿಂದ. ಚಹಾ ತಂದಿಟ್ಟು, ಸೆರಗು ಸರಿಪಡಿಸಿಕೊಂಡು, ಮೆಲ್ಲನೆ ಹೇಳಿದರು: "ಬ್ಯಾಡ್ರಿ ಫಾದರ್. ನಮ್ಮ ಹುಡುಗ್ರು ಓದೂ ಸಾಲ್ಯಾಗ ಇನ್ನೂ ಯಾರಿಗೂ ಗೊತ್ತಿಲ್ರಿ. ಮಾವಾರು ಹಗ್ಗ ಹತ್ತಿದ್ರ ನಾಳಿ ಹುಡುಗ್ರನ್ನ ಏನಂತ ಕರೀತಾರಂತ ನಿಮಗ ಗೊತ್ತೈತಲ್ರಿ."

ಗೊತ್ತಿದೆ. ಆ ಹೆಸರು ಈ ಲೇಖನದ ಮೊದಲ ಪರಿಚ್ಛೇದದಲ್ಲಿಯೇ ಇದೆ. ಆಕೆಯನ್ನು ಒಪ್ಪಿಸಲು ಯಾವ ವಾದವನ್ನೂ ನಾನು ಹೂಡಲಿಲ್ಲ, ಹೂಡುವ ಅಧಿಕಾರವೂ ನನಗಿರಲಿಲ್ಲ. ಹಿರಿಯರು ತಲೆ ತಗ್ಗಿಸಿ ಚಹಾ ಕುಡಿದರು. ಜೋಳದ ಚೆಂಡುಗಳ ಅಭ್ಯಾಸ ಈಗಲೂ ನಡೆದಿದೆ. ಐವರು ಏಳಾಗಿದ್ದಾರೆ, ಗುಮಾಸ್ತರೂ ಮರಳಿ ಬಂದಿದ್ದಾರೆ. ಹಗ್ಗವನ್ನು ಮಾತ್ರ ಶಿಕ್ಷಕರು ಸುತ್ತಿ ಕ್ರೀಡಾ ಸಾಮಗ್ರಿಗಳ ಕೋಣೆಯಲ್ಲಿ ಇರಿಸಿದ್ದಾರೆ. ಅದನ್ನು ಸರಿಯಾಗಿ ಬಿಗಿಯಲು ನಮ್ಮಲ್ಲಿ ಯಾರಿಗೂ ಬರುವುದಿಲ್ಲ.